ಹುಲ್ಲಿನ ಗೂಡಿನಲ್ಲಿ ಒಂದು ರಾತ್ರಿ

ನಿಮ್ಮ ಶಾಲೆಯ ಗೋಡೆಯ ಮೇಲೆ ಪ್ರಪಂಚದ ಭೂಪಟ ಇದ್ದರೆ ಒಮ್ಮೆ ಅದರ ಮುಂದೆ ಹೋಗಿ ನಿಲ್ಲಿ. ಜಪಾನ್ ದೇಶವನ್ನು ಹುಡುಕಿ. ಅದರ ಎಡಕ್ಕೆ ಸಮುದ್ರ ದಾಟಿದರೆ ರಷ್ಯಾದ ತುತ್ತತುದಿಯಲ್ಲಿ ವ್ಲಾಡಿವೊಸ್ತೋಕ್ ಎಂಬ ಬಂದರು ಸಿಗುತ್ತದೆ. ಅಲ್ಲಿಂದ ಬೆರಳನ್ನು ಸ್ವಲ್ಪ ಮೇಲಕ್ಕೆ ಸರಿಸಿ. ಭೂಪಟ ದೊಡ್ಡದಾಗಿದ್ದರೆ ರಷ್ಯಾ ಮತ್ತು ಚೀನಾದ ಗಡಿಯ ಮೇಲೆ ಒಂದು ನೀಲಿ ಚುಕ್ಕೆ ಕಾಣುತ್ತದೆ. ಅದೇ ಖಾಂಕಾ ಸರೋವರ. ಭೂಪಟದಲ್ಲಿ ಚುಕ್ಕೆಯಂತಿದ್ದರೂ ಅದರ ವಿಸ್ತೀರ್ಣ ಸುಮಾರು 4,000 ಚದರ ಕಿಲೋಮೀಟರ್. ಆಳ ಮಾತ್ರ ಬಹಳ ಕಡಿಮೆ, ಸರಾಸರಿ ನಾಲ್ಕೂವರೆ ಮೀಟರ್ ಅಷ್ಟೇ. ದಡದ ಸುತ್ತ ಬಯಲು, ಜೌಗು ನೆಲ, ಆಳೆತ್ತರ ಬೆಳೆಯುವ ಜೊಂಡು ಹುಲ್ಲು. ಚಳಿಗಾಲ ಬಂತೆಂದರೆ ನೀರಿನ ಮೇಲೆ ಹಿಮಗಡ್ಡೆ ಕಟ್ಟುತ್ತದೆ, ಜೊಂಡು ಒಣಗಿ ಹಳದಿಯಾಗುತ್ತದೆ. ಬೀಸುವ ಗಾಳಿಗೆ ಅಡ್ಡವಾಗಿ ಏನೂ ಇರುವುದಿಲ್ಲ.

ಇಂಥ ಜಾಗದಲ್ಲಿ ಕತ್ತಲಾಗುವ ಹೊತ್ತಿಗೆ ದಾರಿ ತಪ್ಪಿದ ಇಬ್ಬರ ಕಥೆಯನ್ನು ನಿಮಗೆ ಹೇಳಬೇಕು. ಅವರ ಬಳಿ ಗುಡಾರವಿಲ್ಲ. ಬೆಂಕಿ ಹಚ್ಚಲು ಸೌದೆಯಿಲ್ಲ. ಕೈಯಲ್ಲಿ ಇರುವುದು ಚಾಕು, ಮತ್ತೆ ನೆಲ ಅಳೆಯುವ ಒಂದು ಉಪಕರಣ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಮುಂದೆ ಓದುವ ಮೊದಲು ಒಂದು ನಿಮಿಷ ಯೋಚಿಸಿ, ಪಕ್ಕದವರೊಂದಿಗೆ ಚರ್ಚಿಸಿ.

ಈ ಕಥೆ ‘ದೆರ್ಸು ಉಜಾಲಾ’ ಎಂಬ ಚಲನಚಿತ್ರದಲ್ಲಿದೆ. ಜಪಾನಿನ ಹೆಸರಾಂತ ನಿರ್ದೇಶಕ ಅಕಿರ ಕುರೊಸಾವ ಅವರು ಇದನ್ನು ಆಗಿನ ಸೋವಿಯತ್ ಒಕ್ಕೂಟದಲ್ಲಿ, ರಷ್ಯನ್ ಭಾಷೆಯಲ್ಲಿ ತಯಾರಿಸಿದರು. 1975ರಲ್ಲಿ ಬಿಡುಗಡೆಯಾದ ಈ ಚಿತ್ರಕ್ಕೆ ಮರುವರ್ಷ ಅತ್ಯುತ್ತಮ ವಿದೇಶಿ ಭಾಷಾ ಚಿತ್ರ ಎಂದು ಆಸ್ಕರ್ ಪ್ರಶಸ್ತಿ ಬಂತು. ಎಂ.ಎಸ್ಸಿ. ಓದುತ್ತಿದ್ದಾಗ ನಾನಿದನ್ನು ಮೊದಲು ನೋಡಿದೆ. ಆಮೇಲೆ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಶಾಖದ ಪಾಠದ ತರಬೇತಿಗೆ ಬರುವ ಶಿಕ್ಷಕರಿಗೆ ಸರೋವರದ ಭಾಗವನ್ನು ಈಗಲೂ ತೋರಿಸುತ್ತೇನೆ. ಉಷ್ಣವಹನ, ಉಷ್ಣಸಂವಹನ ಎಂದು ಕಪ್ಪುಹಲಗೆಯ ಮೇಲೆ ನಾವು ಬರೆಯುವ ಪದಗಳಲ್ಲಿ ಜೀವ ಉಳಿಸುವ ಶಕ್ತಿ ಎಷ್ಟಿದೆ ಎಂದು ಅಲ್ಲಿ ಗೊತ್ತಾಗುತ್ತದೆ.

ಕಥೆ ಕಲ್ಪನೆಯದಲ್ಲ. ವ್ಲಾಡಿಮಿರ್ ಆರ್ಸೆನ್ಯೆವ್ ಎಂಬ ರಷ್ಯಾದ ಸೇನಾಧಿಕಾರಿ 1872ರಲ್ಲಿ ಹುಟ್ಟಿದವರು. ಉಸ್ಸೂರಿ ನದಿಯ ಸೀಮೆಯ ದಟ್ಟ ಕಾಡುಗಳನ್ನು ಅಳೆದು ನಕ್ಷೆ ತಯಾರಿಸುವ ಕೆಲಸಕ್ಕೆ ಸರ್ಕಾರ ಅವರನ್ನು ಕಳಿಸಿತ್ತು. ಆ ಕಾಡಿನಲ್ಲಿ ಅವರಿಗೆ ಸಿಕ್ಕವನು ದೆರ್ಸು ಉಜಾಲಾ, ನನಾಯ್ ಎಂಬ ಬುಡಕಟ್ಟಿನ ಬೇಟೆಗಾರ. ಆರ್ಸೆನ್ಯೆವ್ ಅವರಿಗೆ ಆಗ ಮೂವತ್ತರ ಆಸುಪಾಸು. ದೆರ್ಸು ಐವತ್ತು ದಾಟಿದವನು. ಒಬ್ಬರು ಓದಿದವರು, ನಗರದವರು, ಸಿಪಾಯಿಗಳನ್ನು ಕಟ್ಟಿಕೊಂಡು ಬಂದವರು. ಇನ್ನೊಬ್ಬನಿಗೆ ಅಕ್ಷರ ಬಾರದು, ಮನೆಯಿಲ್ಲ, ತನ್ನ ವಯಸ್ಸೆಷ್ಟೆಂದು ಅವನೇ ಅರಿಯ. ಹೆಂಡತಿ ಮಕ್ಕಳು ಸಿಡುಬು ರೋಗದಲ್ಲಿ ತೀರಿಹೋಗಿದ್ದರು. ಈ ಅನುಭವಗಳನ್ನು ಆರ್ಸೆನ್ಯೆವ್ ಎರಡು ಪುಸ್ತಕಗಳಲ್ಲಿ ಬರೆದರು. 1920ರ ದಶಕದ ಆರಂಭದಲ್ಲಿ ಅವು ಪ್ರಕಟವಾದವು. ಚಲನಚಿತ್ರಕ್ಕೆ ಅವೇ ಆಧಾರ.

ಚಿತ್ರದ ಮೊದಲ ಭಾಗ 1902ರಲ್ಲಿ ನಡೆಯುತ್ತದೆ. ರಾತ್ರಿ ಬಿಡಾರದ ಬೆಂಕಿಯ ಬಳಿಗೆ ದೆರ್ಸು ಬಂದು ಕೂತಾಗ ಎಳೆಯ ಸಿಪಾಯಿಗಳಿಗೆ ಅವನೊಂದು ತಮಾಷೆ. ಬೆಂಕಿಯ ಜೊತೆ ಮಾತಾಡುತ್ತಾನೆ, ನೀರನ್ನು ಗಾಳಿಯನ್ನು ‘ಜನ’ ಎನ್ನುತ್ತಾನೆ, ಹರುಕು ಭಾಷೆ. ಒಂದು ದಿನ ಸಿಪಾಯಿಗಳು ಖಾಲಿ ಬಾಟಲಿಯನ್ನು ಹಗ್ಗಕ್ಕೆ ಕಟ್ಟಿ ತೂಗಾಡಿಸಿ, ಅದಕ್ಕೆ ಗುಂಡು ಹೊಡೆಯುವ ಆಟ ಆಡುತ್ತಿದ್ದರು. ಒಬ್ಬನಿಗೂ ಗುರಿ ಸಿಗಲಿಲ್ಲ. ದೆರ್ಸುವಿಗೆ ಈ ಆಟವೇ ಹಿಡಿಸಲಿಲ್ಲ, ಕಾಡಿನಲ್ಲಿ ಬಾಟಲಿ ಎಲ್ಲಿ ಸಿಗುತ್ತದೆ, ಸುಮ್ಮನೆ ಒಡೆಯುವುದೇಕೆ ಎಂದು. ಅವನು ಬಂದೂಕು ಎತ್ತಿ, ತೂಗಾಡುತ್ತಿದ್ದ ಹಗ್ಗಕ್ಕೇ ಹೊಡೆದ. ಹಗ್ಗ ಕಡಿಯಿತು, ಬಾಟಲಿ ಉಳಿಯಿತು. ಅಲ್ಲಿಂದ ಮುಂದೆ ಸಿಪಾಯಿಗಳ ನಗು ಕಡಿಮೆಯಾಗುತ್ತದೆ.

ಇನ್ನು ಸರೋವರಕ್ಕೆ ಬರೋಣ. ಆರ್ಸೆನ್ಯೆವ್ ಮತ್ತು ದೆರ್ಸು ಇಬ್ಬರೇ ಹೆಪ್ಪುಗಟ್ಟಿದ ಖಾಂಕಾದ ಮೇಲೆ ಬಹುದೂರ ನಡೆದು ಹೋಗಿರುತ್ತಾರೆ. ಗಾಳಿ ಎದ್ದು ಅವರ ಹೆಜ್ಜೆ ಗುರುತುಗಳು ಅಳಿಸಿಹೋಗುತ್ತವೆ. ಎತ್ತ ತಿರುಗಿದರೂ ಒಂದೇ ಬಿಳುಪು. ಸೂರ್ಯ ಮುಳುಗುತ್ತಿದ್ದಾನೆ. ದೆರ್ಸು ಆರ್ಸೆನ್ಯೆವ್‌ರನ್ನು ‘ಕಪಿತಾನ್’ ಎಂದು ಕರೆಯುತ್ತಾನೆ, ನಮ್ಮ ಬಾಯಲ್ಲಿ ಕ್ಯಾಪ್ಟನ್. ಅಲ್ಲಿಯವರೆಗೆ ಅವರ ಹಿಂದೆ ಮುಂದೆ ವಿಧೇಯನಾಗಿ ನಡೆಯುತ್ತಿದ್ದ ಮುದುಕ ಈಗ ಅಪ್ಪಣೆ ಕೊಡಲು ಶುರುಮಾಡುತ್ತಾನೆ. ಹುಲ್ಲು ಕೊಯ್ಯಬೇಕು, ಬೇಗ ಬೇಗ ಕೊಯ್ಯಬೇಕು, ನಿಲ್ಲಬಾರದು.

ಇಬ್ಬರೂ ಒಣ ಜೊಂಡನ್ನು ಕೊಯ್ಯುತ್ತಲೇ ಹೋಗುತ್ತಾರೆ. ಹಿನ್ನೆಲೆಯಲ್ಲಿ ಸಂಗೀತವಿಲ್ಲ. ಗಾಳಿಯ ಸದ್ದು, ಹುಲ್ಲಿನ ಸದ್ದು, ಏದುಸಿರು. ಕುರೊಸಾವ ಇಲ್ಲಿ ಅವಸರ ಮಾಡುವುದಿಲ್ಲ. ನೋಡುವ ನಮ್ಮ ತೋಳುಗಳೇ ಸೋತುಹೋಗುವಷ್ಟು ಹೊತ್ತು ತೋರಿಸುತ್ತಾರೆ. ಕೊನೆಗೆ ಆರ್ಸೆನ್ಯೆವ್ ಕುಸಿದು ಬೀಳುತ್ತಾರೆ. ದೆರ್ಸು ಮಾತ್ರ ನಿಲ್ಲುವುದಿಲ್ಲ. ಜಮೀನು ಅಳೆಯಲು ಬರುವ ಸರ್ವೆಯವರ ಬಳಿ ಮೂರು ಕಾಲಿನ ಸ್ಟ್ಯಾಂಡು ನೋಡಿದ್ದೀರಲ್ಲವೇ? ಅಂಥದೇ ಸ್ಟ್ಯಾಂಡನ್ನು ನೆಟ್ಟು, ಅದರ ಸುತ್ತ ಹುಲ್ಲನ್ನು ರಾಶಿ ಹಾಕಿ, ಹಾರಿಹೋಗದಂತೆ ಕಟ್ಟಿ, ಎಚ್ಚರ ತಪ್ಪಿದ ಕ್ಯಾಪ್ಟನ್‌ರನ್ನು ಒಳಗೆ ಎಳೆದುಕೊಳ್ಳುತ್ತಾನೆ. ರಾತ್ರಿಯಿಡೀ ಬಿರುಗಾಳಿ. ಬೆಳಗಾದಾಗ ಆ ಹುಲ್ಲಿನ ಗುಡ್ಡೆಯೊಳಗಿಂದ ಇಬ್ಬರೂ ಜೀವಂತವಾಗಿ ಹೊರಬರುತ್ತಾರೆ.

ಒಣಹುಲ್ಲು ಎರಡು ಜೀವ ಉಳಿಸಿದ್ದು ಹೇಗೆ? ಬೆಂಕಿ ಇರಲಿಲ್ಲ ಎಂಬುದನ್ನು ಮರೆಯಬೇಡಿ. ಹಾಗಾದರೆ ಶಾಖ ಎಲ್ಲಿಂದ ಬಂತು?

ಅವರ ಮೈಯಿಂದಲೇ ಬಂತು. ಸುಮ್ಮನೆ ಕೂತಿರುವ ದೊಡ್ಡವರೊಬ್ಬರ ದೇಹ ಸುಮಾರು 100 ವ್ಯಾಟ್‌ನ ಹಳೆಯ ಕಾಲದ ಬುರುಡೆ ಬಲ್ಬಿನಷ್ಟು ಶಾಖವನ್ನು ಹೊರಗೆ ಬಿಡುತ್ತಿರುತ್ತದೆ. ಕೋಳಿಮರಿಗಳನ್ನು ಬೆಚ್ಚಗಿಡಲು ಆ ಬಲ್ಬನ್ನು ಹಚ್ಚಿಡುವುದನ್ನು ನೀವು ಕಂಡಿರಬಹುದು. ಇಬ್ಬರು ಒಂದು ಗೂಡಿನಲ್ಲಿ ಮಲಗಿದರೆ ಅಲ್ಲಿ ಎರಡು ಬಲ್ಬು ಉರಿದಂತೆ. ಬಯಲಿನಲ್ಲಿ ಈ ಶಾಖ ಹುಟ್ಟಿದ ಕೂಡಲೇ ಗಾಳಿಯ ಪಾಲಾಗುತ್ತದೆ. ನಮ್ಮ ಚರ್ಮಕ್ಕೆ ಅಂಟಿಕೊಂಡಂತೆ ಬೆಚ್ಚನೆಯ ಗಾಳಿಯ ತೆಳುವಾದ ಪದರವೊಂದು ಯಾವಾಗಲೂ ಇರುತ್ತದೆ. ಗಾಳಿ ಬೀಸಿದಾಗ ಆ ಪದರ ಹಾರಿಹೋಗಿ, ಅಲ್ಲಿಗೆ ತಣ್ಣನೆಯ ಗಾಳಿ ಬರುತ್ತದೆ. ದೇಹ ಅದನ್ನೂ ಬೆಚ್ಚಗೆ ಮಾಡಬೇಕು. ಅಷ್ಟರಲ್ಲಿ ಅದೂ ಹಾರಿಹೋಗುತ್ತದೆ. ಉಷ್ಣತೆ ಸೊನ್ನೆಗಿಂತ 10 ಡಿಗ್ರಿ ಸೆಲ್ಸಿಯಸ್ ಕೆಳಗಿದ್ದು, ಗಂಟೆಗೆ 50 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ, ತೆರೆದ ಚರ್ಮಕ್ಕೆ ಅದು ಸೊನ್ನೆಗಿಂತ 22 ಡಿಗ್ರಿ ಕೆಳಗಿನ ಚಳಿಯಂತೆ ತಾಗುತ್ತದೆ ಎಂದು ಹವಾಮಾನ ತಜ್ಞರು ಲೆಕ್ಕ ಹಾಕಿದ್ದಾರೆ.

ನಮ್ಮ ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ. ಅದು 35ಕ್ಕಿಂತ ಕೆಳಗೆ ಇಳಿದರೆ ಅಪಾಯ. ಈ ಸ್ಥಿತಿಗೆ ಹೈಪೋಥರ್ಮಿಯಾ ಎಂದು ಹೆಸರು. ಮೊದಲು ನಡುಕ ಬರುತ್ತದೆ. ನಡುಕವೆಂದರೆ ಸ್ನಾಯುಗಳು ತಾವೇ ದುಡಿದು ಶಾಖ ಹುಟ್ಟಿಸುವ ಉಪಾಯ. ಆಮೇಲೆ ಬೆರಳುಗಳು ಹೇಳಿದ ಮಾತು ಕೇಳುವುದಿಲ್ಲ, ನಾಲಿಗೆ ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ, ನಿದ್ದೆ ಎಳೆಯುತ್ತದೆ. ನಡುಕ ತಾನಾಗಿ ನಿಂತಿತೆಂದರೆ ಚಳಿ ಹೋಯಿತೆಂದಲ್ಲ, ದೇಹ ಸೋತಿತೆಂದು ಅರ್ಥ. ದೆರ್ಸು ಕ್ಯಾಪ್ಟನ್‌ರನ್ನು ಕುಳಿತುಕೊಳ್ಳಲು ಬಿಡದೆ ಹುಲ್ಲು ಕೊಯ್ಯಿಸಿದ್ದರಲ್ಲಿ ಎರಡು ಲಾಭ ಇದ್ದವು. ಹುಲ್ಲೂ ಬಂತು, ದುಡಿಯುವ ಸ್ನಾಯುಗಳಿಂದ ಮೈಗೆ ಶಾಖವೂ ಬಂತು.

ಈಗ ಹುಲ್ಲಿನ ಗುಟ್ಟು. ನಿಜ ಹೇಳಬೇಕೆಂದರೆ ಕೆಲಸ ಮಾಡಿದ್ದು ಹುಲ್ಲಿಗಿಂತ ಹೆಚ್ಚಾಗಿ, ಹುಲ್ಲಿನ ನಡುವೆ ಸಿಕ್ಕಿಹಾಕಿಕೊಂಡ ಗಾಳಿ. ಗಾಳಿಯಲ್ಲಿ ಶಾಖ ಬಹಳ ನಿಧಾನವಾಗಿ ಹರಿಯುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು, ಹಿಮಗಡ್ಡೆ 80 ಪಟ್ಟಿಗೂ ಮಿಗಿಲಾಗಿ ಶಾಖವನ್ನು ಸಾಗಿಸುತ್ತವೆ. ಆದರೆ ಗಾಳಿಯಿಂದ ಈ ಉಪಕಾರ ಸಿಗಬೇಕಾದರೆ ಅದು ನಿಂತಲ್ಲೇ ನಿಲ್ಲಬೇಕು. ಅಲೆದಾಡುವ ಗಾಳಿ ಶಾಖವನ್ನು ಹೊತ್ತುಕೊಂಡು ಹೋಗುವ ಕಳ್ಳ. ಸಾವಿರಾರು ಒಣಕಡ್ಡಿಗಳು ಅಡ್ಡಾದಿಡ್ಡಿಯಾಗಿ ಬಿದ್ದಾಗ ನಡುವಿನ ಗಾಳಿ ಪುಟ್ಟ ಪುಟ್ಟ ಕೋಣೆಗಳಲ್ಲಿ ಸಿಕ್ಕಿಬೀಳುತ್ತದೆ. ಜೊಂಡಿನ ಕಡ್ಡಿ ಒಳಗೆ ಟೊಳ್ಳು, ಅಲ್ಲಿಯೂ ಗಾಳಿಯೇ. ಅದೇ ಗಾಳಿ ಹೊರಗೆ ಬಿರುಗಾಳಿಯಾಗಿ ಕೊಲ್ಲಲು ಬಂದಿತ್ತು. ಒಳಗೆ ಕಟ್ಟಿಹಾಕಿದ ಮೇಲೆ ಕಂಬಳಿಯಾಯಿತು.

ಇದನ್ನು ನೀವು ನಂಬಬೇಕಾಗಿಲ್ಲ, ಮಾಡಿ ನೋಡಿ. ಮುಚ್ಚಳವಿರುವ, ಒಂದೇ ಅಳತೆಯ ಮೂರು ಸ್ಟೀಲ್ ಡಬ್ಬಿಗಳು ಬೇಕು. ಬಿಸಿಯೂಟದ ಅಡುಗೆಮನೆಯಿಂದ ಬಿಸಿ ನೀರನ್ನು ನಿಮ್ಮ ಶಿಕ್ಷಕರೇ ತಂದು ಸಮನಾಗಿ ಹಾಕಿಕೊಡಲಿ. ಒಂದನ್ನು ಹಾಗೆಯೇ ಇಡಿ. ಒಂದಕ್ಕೆ ಸುತ್ತಲೂ, ಅಡಿಯಲ್ಲೂ ಒಣಹುಲ್ಲು ಸುತ್ತಿ. ಮೂರನೆಯದಕ್ಕೆ ನೆನೆಸಿದ ಹುಲ್ಲು ಸುತ್ತಿ. ಮೂರನ್ನೂ ಫ್ಯಾನಿನ ಎದುರಿಗೋ, ಗಾಳಿ ಬೀಸುವ ಜಗುಲಿಯಲ್ಲೋ ಇಟ್ಟು, ಹತ್ತು ಹತ್ತು ನಿಮಿಷಕ್ಕೆ ಉಷ್ಣತೆ ಬರೆದುಕೊಳ್ಳಿ. ಪ್ರಯೋಗಾಲಯದ ಉಷ್ಣಮಾಪಕ ಬಳಸಿ. ಜ್ವರ ನೋಡುವ ಥರ್ಮಾಮೀಟರನ್ನು ಬಿಸಿ ನೀರಿಗೆ ಅದ್ದಿದರೆ ಒಡೆದುಹೋಗುತ್ತದೆ. ಯಾವುದರಲ್ಲಿ ಎಷ್ಟು ಡಿಗ್ರಿ ಬರುತ್ತದೆಂದು ನಾನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಕೆಲವು ಶಾಲೆಗಳಲ್ಲಿ ಡಬ್ಬಿ ತರದೆಯೇ ಕೋಷ್ಟಕ ತುಂಬಿಬಿಡುತ್ತಾರೆ! ಒದ್ದೆ ಹುಲ್ಲಿನ ಡಬ್ಬಿಯನ್ನು ಮಾತ್ರ ಚೆನ್ನಾಗಿ ಗಮನಿಸಿ. ಹುಲ್ಲಿದ್ದರೂ ಅದೇಕೆ ಹಾಗೆ ಮಾಡುತ್ತದೆ? ಮಣ್ಣಿನ ಮಡಕೆಯ ನೀರು ಬೇಸಿಗೆಯಲ್ಲಿ ಏಕೆ ತಣ್ಣಗಿರುತ್ತದೆ ಎಂದು ನೆನಪಿಸಿಕೊಂಡರೆ ಉತ್ತರ ಹೊಳೆಯುತ್ತದೆ. ಖಾಂಕಾದ ಜೊಂಡು ಅಂದು ಒಣಗಿರದಿದ್ದರೆ ಈ ಕಥೆಯನ್ನು ಬರೆಯಲು ಆರ್ಸೆನ್ಯೆವ್ ಉಳಿಯುತ್ತಿರಲಿಲ್ಲವೋ ಏನೋ.

ಚಳ್ಳಕೆರೆ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಈ ಪ್ರಯೋಗ ಮಾಡುತ್ತಿದ್ದೆವು. ಏಳನೇ ತರಗತಿಯ ಮಕ್ಕಳು ಡಬ್ಬಿಗೆ ಹುಲ್ಲು ಸುತ್ತಿ, ಮೊಣಕಾಲು ಕೊಟ್ಟು ಒತ್ತಿ, ಸುತಲಿಯಿಂದ ಬಿಗಿದು ಕಟ್ಟುತ್ತಿದ್ದರು. ಯಾರ ಕಟ್ಟು ಹೆಚ್ಚು ಗಟ್ಟಿ ಎಂಬ ಪೈಪೋಟಿ ಬೇರೆ. ಒಬ್ಬ ಹುಡುಗನ ತಾತ ಯಾವುದೋ ಕಾಗದಕ್ಕೆ ಹೆಡ್‌ಮಾಸ್ಟರ ಸಹಿ ಹಾಕಿಸಲು ಬಂದವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಸ್ವಲ್ಪ ಹೊತ್ತು ತಡೆದು, “ಅಷ್ಟು ಬಿಗೀಬ್ಯಾಡ್ರಪ್ಪಾ. ಒಳಗೆ ಸಡ್ಲ ಬಿಡ್ರಿ, ಮ್ಯಾಲಷ್ಟೇ ಬಿಗೀರಿ” ಎಂದರು.

ಮಕ್ಕಳು ಕಿಸಕ್ಕೆಂದರು. ಮೊಮ್ಮಗ ತಲೆ ತಗ್ಗಿಸಿ, “ತಾತ, ನೀನು ಸುಮ್ನಿರು, ಇದು ಸೈನ್ಸು” ಎಂದ.

“ಬನ್ನಿ ಯಜಮಾನ್ರೇ, ಒಳಗೆ ಬನ್ನಿ. ಯಾಕೆ ಬಿಗೀಬಾರದು, ನಮಗೂ ಹೇಳಿ” ಎಂದು ಕರೆದೆ.

ಅವರು ಬೆಂಚಿನ ಮೇಲೆ ಕೂರಲಿಲ್ಲ. ನೆಲದಲ್ಲಿ ಮಕ್ಕಳ ನಡುವೆ ಕುಕ್ಕುರುಗಾಲಲ್ಲಿ ಕೂತು ಹೇಳಿದರು. ಮಳೆಗಾಲದ ರಾತ್ರಿ ಅಡವಿಯಲ್ಲಿ ಕುರಿ ಈದರೆ ಮರಿಯನ್ನು ಒರೆಸಿ, ಬುಟ್ಟಿಯಲ್ಲಿ ಹುಲ್ಲು ಹಾಕಿ ಮಲಗಿಸುತ್ತಾರೆ. “ಹುಲ್ಲು ಒತ್ತಿ ತುರುಕಿದ್ರೆ ಬೆಳಗಾಗೋದ್ರೊಳಗೆ ಮರಿ ಸೆಟ್ಕೊಂಡಿರ್ತದೆ ಮೇಷ್ಟ್ರೇ. ಪೂರ್ತಿ ಸಡ್ಲ ಬಿಟ್ರೂ ಅಷ್ಟೇ, ಗಾಳಿ ನುಗ್ತದೆ. ಒಳಗೆ ಮೆತ್ತಗಿರ್ಬೇಕು, ಮ್ಯಾಲೆ ಗೋಣಿ ಬಿಗಿಯಾಗಿರ್ಬೇಕು.”

ಒತ್ತಿ ಕಟ್ಟಿದರೆ ಗಾಳಿ ಹೊರಗೆ ಹೋಗಿ ಕಡ್ಡಿಗೆ ಕಡ್ಡಿ ತಾಗುತ್ತದೆ, ಶಾಖಕ್ಕೆ ದಾರಿಯಾಗುತ್ತದೆ. ಸಡಿಲ ಬಿಟ್ಟರೆ ಗಾಳಿ ಅಲೆದಾಡುತ್ತದೆ. ವಹನ ಮತ್ತು ಸಂವಹನ ಎರಡನ್ನೂ ಅವರು ಒಂದೇ ಮಾತಿನಲ್ಲಿ ಮುಗಿಸಿದ್ದರು. ಮಕ್ಕಳು ನಾಲ್ಕನೆಯ ಡಬ್ಬಿಯೊಂದನ್ನು ತಂದು, ತಾತ ಹೇಳಿದಂತೆ ಸುತ್ತಿ, ಬಿಗಿದು ಕಟ್ಟಿದ ಡಬ್ಬಿಯ ಪಕ್ಕದಲ್ಲಿಟ್ಟರು. ಉಷ್ಣಮಾಪಕ ಹಿಡಿದು ಎರಡನ್ನೂ ಅಳೆದವನು ಮೊಮ್ಮಗನೇ. ತಾತನ ಡಬ್ಬಿ ಗೆದ್ದಿತು ಎಂದು ಅವನು ಓದಿ ಹೇಳಿದಾಗ ತರಗತಿಯಲ್ಲಿ ಚಪ್ಪಾಳೆ. ತಾತನಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಅವರಿಗೆ ಸಹಿಯ ಕಾಗದದ್ದೇ ಚಿಂತೆ.

ಬೇಸಿಗೆಯಲ್ಲೂ ಕಂಬಳಿ ಯಾಕೆ ಎಂದು ಒಬ್ಬಳು ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಉಣ್ಣೆಯ ಎಳೆ ಗುಂಗುರಾಗಿರುವುದರಿಂದ ಎಳೆಗಳ ನಡುವೆ ಗಾಳಿ ಹಿಡಿದಿಟ್ಟುಕೊಳ್ಳುತ್ತದೆ. ಆ ಗಾಳಿಗೆ ಒಳಗಿನ ಶಾಖ, ಹೊರಗಿನ ಶಾಖ ಎಂಬ ಭೇದವಿಲ್ಲ. ಚಳಿಯಲ್ಲಿ ಮೈಯ ಶಾಖವನ್ನು ಹೊರಗೆ ಬಿಡದ ಕಂಬಳಿ, ಸುಡುಬಿಸಿಲಿನಲ್ಲಿ ಬಿಸಿಲಿನ ಶಾಖವನ್ನು ಬೇಗನೆ ಒಳಗೆ ಬಿಡುವುದಿಲ್ಲ. ಐಸ್ ಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಮುಚ್ಚಿಡುವುದೂ ಇದಕ್ಕಾಗಿಯೇ.

ದೆರ್ಸುವಿನ ವಿಷಯಕ್ಕೆ ಮರಳುತ್ತೇನೆ. ಬೆಂಕಿ, ನೀರು, ಗಾಳಿಗಳನ್ನು ಅವನು ‘ಜನ’ ಎನ್ನುತ್ತಿದ್ದನಲ್ಲ, ವಿಜ್ಞಾನದ ಮೇಷ್ಟ್ರಾಗಿ ಇದಕ್ಕೆ ನೀವು ಏನು ಹೇಳುತ್ತೀರಿ ಎಂದು ಶಿಕ್ಷಕರು ನನ್ನನ್ನು ಕೇಳಿದ್ದಿದೆ. ಬೆಂಕಿ ಮನುಷ್ಯನಲ್ಲ. ಅದು ದಹನಕ್ರಿಯೆ, ಇಂಧನ, ಆಮ್ಲಜನಕ, ಶಾಖ ಸೇರಿದರೆ ಉರಿಯುತ್ತದೆ, ಬೈದರೆ ಸುಮ್ಮನಾಗುವುದಿಲ್ಲ. ಇದರಲ್ಲಿ ರಾಜಿ ಇಲ್ಲ. ಆದರೆ ಅವನು ಗಮನಿಸಿದ್ದನ್ನೂ ನಂಬಿದ್ದನ್ನೂ ಬೇರೆ ಬೇರೆಯಾಗಿ ನೋಡಬೇಕು. ಒಮ್ಮೆ ಸಿಪಾಯಿಯೊಬ್ಬ ಉಳಿದ ಮಾಂಸವನ್ನು ಬೆಂಕಿಗೆ ಎಸೆದಾಗ ದೆರ್ಸುವಿಗೆ ಸಿಟ್ಟು ಬಂತು. ನಾವು ಹೋದ ಮೇಲೆ ಕಾಗೆಯೋ ಇರುವೆಯೋ ಬಂದು ತಿನ್ನಬಹುದಾದದ್ದನ್ನು ಸುಡುವುದೇಕೆ ಎಂಬುದು ಅವನ ವಾದ. ಇರುವೆಯನ್ನೂ ಅವನು ‘ಜನ’ದಲ್ಲೇ ಸೇರಿಸುತ್ತಿದ್ದ. ನಿಮ್ಮ ಪಠ್ಯಪುಸ್ತಕದ ಆಹಾರಜಾಲದ ಚಿತ್ರ ತೆಗೆದು ನೋಡಿ. ಬಾಣದ ಗುರುತುಗಳಿಲ್ಲದೆಯೇ ಅವನು ಅದನ್ನು ತಿಳಿದಿದ್ದ.

ಇನ್ನೊಂದು ಪ್ರಸಂಗ. ಕಾಡಿನಲ್ಲಿ ಪಾಳುಬಿದ್ದ ಗುಡಿಸಲೊಂದು ಸಿಗುತ್ತದೆ. ಹೊರಡುವ ಮೊದಲು ದೆರ್ಸು ಅದರ ಮಾಡನ್ನು ಸರಿಮಾಡಿ, ಸ್ವಲ್ಪ ಅಕ್ಕಿ, ಉಪ್ಪು, ಬೆಂಕಿಕಡ್ಡಿ ಬೇಡಿ ಪಡೆದು, ಬರ್ಚ್ ಮರದ ತೊಗಟೆಯಲ್ಲಿ ಸುತ್ತಿ ಒಳಗೆ ಇಡುತ್ತಾನೆ. ವಾಪಸು ಇಲ್ಲಿಗೆ ಬರುತ್ತೀಯಾ ಎಂದು ಆರ್ಸೆನ್ಯೆವ್ ಕೇಳುತ್ತಾರೆ. ಇಲ್ಲ, ಮುಂದೆ ಯಾರಾದರೂ ಬರಬಹುದಲ್ಲ, ಅವರಿಗೆ ಎಂಬುದು ಉತ್ತರ. ತೊಗಟೆಯನ್ನೇ ಏಕೆ ಆರಿಸಿದ ಎಂಬುದು ನಮಗೆ ಮುಖ್ಯ. ಬರ್ಚ್ ತೊಗಟೆಯಲ್ಲಿ ಬೆಟುಲಿನ್ ಎಂಬ ಮೇಣದಂಥ ವಸ್ತು ತುಂಬಿರುತ್ತದೆ. ಅದಕ್ಕೆ ನೀರು ಅಂಟುವುದಿಲ್ಲ. ಬೆಂಕಿಕಡ್ಡಿ ತೇವವಾಗದಂತೆ ಕಾಪಾಡಲು ಕಾಡಿನಲ್ಲಿ ಇದಕ್ಕಿಂತ ಒಳ್ಳೆಯ ಕಾಗದ ಇಲ್ಲ. ಬೇಕೆಂದರೆ ಆ ತೊಗಟೆಯನ್ನೇ ಹಚ್ಚಿ ಒಲೆ ಉರಿಸಬಹುದು, ತೇವದಲ್ಲೂ ಅದು ಹೊತ್ತಿಕೊಳ್ಳುತ್ತದೆ.

ಚಿತ್ರದ ಎರಡನೆಯ ಭಾಗ 1907ರದು. ಐದು ವರ್ಷಗಳ ಮೇಲೆ ಇಬ್ಬರೂ ಮತ್ತೆ ಕಾಡಿನಲ್ಲಿ ಕೂಡುತ್ತಾರೆ, ಅಪ್ಪಿಕೊಳ್ಳುತ್ತಾರೆ. ಈ ಸಲ ನದಿಯ ಸರದಿ. ತೆಪ್ಪ ಕೈತಪ್ಪಿ ಕೊಚ್ಚಿಹೋಗುವಾಗ ದೆರ್ಸು ಕ್ಯಾಪ್ಟನ್‌ರನ್ನು ತಳ್ಳಿ ಬದುಕಿಸುತ್ತಾನೆ, ತಾನು ನಡುನೀರಿನ ಮರದ ಕೊರಡೊಂದಕ್ಕೆ ಜೋತುಬೀಳುತ್ತಾನೆ. ಅಲ್ಲಿಂದಲೇ, ದಡದ ಯಾವ ಮರ ಕಡಿದರೆ ತನ್ನವರೆಗೆ ಬೀಳುತ್ತದೆಂದು ಕೂಗಿ ತೋರಿಸುತ್ತಾನೆ. ಸಿಪಾಯಿಗಳು ಕಡಿಯುತ್ತಾರೆ, ಮರ ಬೀಳುತ್ತದೆ, ಮುದುಕ ಹತ್ತಿ ಬರುತ್ತಾನೆ. ಹಿಂದೆ ಅವನನ್ನು ನೋಡಿ ನಗುತ್ತಿದ್ದಂಥ ಸಿಪಾಯಿಗಳೇ ಈಗ ಅವನಿಗಾಗಿ ಕೊಡಲಿ ಬೀಸುತ್ತಾರೆ.

ಆಮೇಲೆ ಕಣ್ಣು ಕೈಕೊಡುತ್ತದೆ. ಹಗ್ಗ ಕಡಿದಿದ್ದ ಬೇಟೆಗಾರನಿಗೆ ಎದುರಿನ ಗುರಿಯೂ ತಪ್ಪುತ್ತದೆ. ನಲವತ್ತು ದಾಟಿದವರಿಗೆ ಬರುವ ಚಾಳೀಸು ಇದಲ್ಲ. ಚಾಳೀಸಿನಲ್ಲಿ ಹತ್ತಿರದ ಅಕ್ಷರ ಮಸುಕಾಗುತ್ತದೆ, ದೂರದ್ದು ಚೆನ್ನಾಗಿಯೇ ಕಾಣುತ್ತದೆ. ದೂರದ್ದೂ ಮಂಜಾಗುವಂತೆ ಮಾಡುವ, ವಯಸ್ಸಾದವರಲ್ಲಿ ಅತಿ ಸಾಮಾನ್ಯವಾದ ತೊಂದರೆ ಕಣ್ಣಿನ ಪೊರೆ. ದೆರ್ಸುವಿಗೆ ಯಾವುದು ಬಂದಿತ್ತೆಂದು ಚಿತ್ರ ಹೆಸರು ಹೇಳುವುದಿಲ್ಲ. ಗುರಿ ತಪ್ಪಿದ ಬೇಟೆಗಾರ ಕಾಡಿನಲ್ಲಿ ಹಸಿದು ಸಾಯಬೇಕು ಎಂದಷ್ಟೇ ತೋರಿಸುತ್ತದೆ. ಆರ್ಸೆನ್ಯೆವ್ ಅವನನ್ನು ಖಬರೋವ್ಸ್ಕ್ ನಗರದ ತಮ್ಮ ಮನೆಗೆ ಕರೆತರುತ್ತಾರೆ. ಆರ್ಸೆನ್ಯೆವ್‌ರ ಚಿಕ್ಕ ಮಗನಿಗೂ ದೆರ್ಸುವಿಗೂ ಬಹಳ ಸ್ನೇಹವಾಗುತ್ತದೆ. ಆದರೆ ನೀರಿಗೂ ಸೌದೆಗೂ ದುಡ್ಡು ಕೊಡಬೇಕಾದ ಊರು ಅವನಿಗೆ ಅರ್ಥವಾಗುವುದಿಲ್ಲ. ಕಾಡಿಗೆ ಹೊರಟು ನಿಲ್ಲುತ್ತಾನೆ. ಮಂದಗಣ್ಣಿನವನಿಗೆ ಅನುಕೂಲವಾಗಲೆಂದು ಆರ್ಸೆನ್ಯೆವ್ ಹೊಸದೊಂದು ಒಳ್ಳೆಯ ಬಂದೂಕು ಕೊಟ್ಟು ಕಳಿಸುತ್ತಾರೆ. 1908ರಲ್ಲಿ, ಖಬರೋವ್ಸ್ಕ್ ಸಮೀಪವೇ, ದಾರಿಯಲ್ಲಿ ದೆರ್ಸು ಕೊಲೆಯಾದ. ಆ ಬಂದೂಕಿನ ಆಸೆಗೇ ಕೊಂದಿರಬೇಕೆಂದು ಚಿತ್ರ ಸೂಚಿಸುತ್ತದೆ.

ಸಿನಿಮಾ ಮುಗಿದ ಮೇಲೆ ನನ್ನನ್ನು ಕಾಡುವುದು ಒಂದು ಲೆಕ್ಕ. ಹಿರಿಯನ ತಿಳಿವಳಿಕೆ ಕಿರಿಯನಿಗೆ ಸರಿಯಾದ ಹೊತ್ತಿಗೆ ಒದಗಿತು, ಒಂದೇ ಸಂಜೆಯಲ್ಲಿ. ಕಿರಿಯನ ಕಡೆಯಿಂದ ಹಿರಿಯನಿಗೆ ಸಿಗಬೇಕಾದದ್ದೂ ಇತ್ತು. ಸಿಡುಬಿಗೆ ಲಸಿಕೆ ಹಾಕಬಹುದೆಂದು ಎಡ್ವರ್ಡ್ ಜೆನ್ನರ್ ತೋರಿಸಿದ್ದು 1796ರಲ್ಲಿ. ಅದು ದೆರ್ಸುವಿನ ಹೆಂಡತಿ ಮಕ್ಕಳನ್ನು ಮುಟ್ಟಲಿಲ್ಲ. ಪೊರೆಯ ಶಸ್ತ್ರಚಿಕಿತ್ಸೆಯೂ ಆಗ ಯುರೋಪಿನ ಆಸ್ಪತ್ರೆಗಳಲ್ಲಿ ನಡೆಯುತ್ತಿತ್ತು. ನಗರದಿಂದ ಅವನ ಕೈ ಸೇರಿದ್ದು ಬಂದೂಕು ಮಾತ್ರ. ಸಿಡುಬು ಪ್ರಪಂಚದಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 1980ರಲ್ಲಿ. ಅದರ ಮರುವರ್ಷ ಕಂಡುಹಿಡಿದ ಕ್ಷುದ್ರಗ್ರಹವೊಂದಕ್ಕೆ, ಸಂಖ್ಯೆ 4142, ಖಗೋಳ ವಿಜ್ಞಾನಿಗಳು ದೆರ್ಸು ಉಜಾಲಾ ಎಂದೇ ಹೆಸರಿಟ್ಟಿದ್ದಾರೆ. ಅಕ್ಷರ ಬಾರದ ಬೇಟೆಗಾರನ ಹೆಸರು ಸೂರ್ಯನ ಸುತ್ತ ತಿರುಗುತ್ತಿದೆ.

ಕಣ್ಣಿನ ವಿಷಯದಲ್ಲಿ ಮಾತ್ರ ನಮ್ಮ ಕಾಲ ದೆರ್ಸುವಿನ ಕಾಲದಂತಿಲ್ಲ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ನಮ್ಮ ದೇಶದಲ್ಲಿ 1976ರಿಂದ ನಡೆಯುತ್ತಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಪೊರೆ ತೆಗೆದು ಕೃತಕ ಮಸೂರ ಕೂರಿಸುವ ಚಿಕಿತ್ಸೆ ಉಚಿತ. ಸಾಮಾನ್ಯವಾಗಿ ಅರ್ಧ ಗಂಟೆಯೂ ಹಿಡಿಯುವುದಿಲ್ಲ. ಆದರೂ ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿಯರು ‘ವಯಸ್ಸಾಯ್ತು, ಇನ್ನೇನು’ ಎಂದು ಗೋಡೆ ಹಿಡಿದು ಓಡಾಡುತ್ತಾರೆ.

ಈ ವಾರ ನಿಮಗೆ ಎರಡು ಕೆಲಸ. ಡಬ್ಬಿಗಳ ಪ್ರಯೋಗ ಒಂದು; ಒಣಹುಲ್ಲಿನ ಡಬ್ಬಿಯನ್ನು ಕಟ್ಟುವಾಗ ಮನೆಯ ಹಿರಿಯರೊಬ್ಬರನ್ನು ಕೇಳಿಯೇ ಕಟ್ಟಿ. ಇನ್ನೊಂದು, ಸಂಜೆ ಬೆಳಕಿರುವಾಗ ಅಜ್ಜ ಅಜ್ಜಿಯರನ್ನು ಜಗುಲಿಯಲ್ಲಿ ಕೂರಿಸಿ, ಹತ್ತು ಹೆಜ್ಜೆ ದೂರ ನಿಂತು ಕೈಯ ಬೆರಳುಗಳನ್ನು ತೋರಿಸಿ, ಎಷ್ಟಿವೆ ಎಂದು ಕೇಳಿ. ಒಂದು ಕಣ್ಣು ಮುಚ್ಚಿಸಿ ಒಮ್ಮೆ, ಇನ್ನೊಂದು ಮುಚ್ಚಿಸಿ ಒಮ್ಮೆ. ಪಾಪೆ ಕಪ್ಪಾಗಿದೆಯೋ, ಹಾಲಿನಂತೆ ಮಸುಕಾಗಿದೆಯೋ ನೋಡಿ. ಎಣಿಕೆ ತಪ್ಪಿದರೆ, ಪಾಪೆ ಮಸುಕಾಗಿದ್ದರೆ ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಣ್ಣು ತಪಾಸಣೆಯ ದಿನ ಯಾವುದೆಂದು ಅವರು ಹೇಳುತ್ತಾರೆ. ಆ ದಿನ ಅಜ್ಜಿಯ ಕೈ ಹಿಡಿದು ಕರೆದುಕೊಂಡು ಹೋಗಲು ಒಂದು ದಿನ ರಜೆ ಬೇಕಾ ಎಂದು ಕೇಳಿದರೆ, ನಿಮ್ಮ ಮೇಷ್ಟ್ರು ಇಲ್ಲ ಎನ್ನಲಾರರು.